ಕುರ್ಚಿಯ ಮೇಲೆ ಅಜ್ಜಿ, ನೆಲದ ಮೇಲೆ ಅಮ್ಮ

ಅಜ್ಜಿಯ ಕಾಲಿನ ಹೆಬ್ಬೆರಳ ಉಗುರು ಒಣಗಿದ ಕೊಂಬಿನ ಹಾಗೆ, ಸುಮ್ಮನೆ ಕತ್ತರಿಗೆ ಬಗ್ಗುವಂಥದ್ದಲ್ಲ. ಮೊದಲು ಬೆಚ್ಚನೆಯ ನೀರಿನಲ್ಲಿ ಕಾಲು ಇಳಿಬಿಡಿಸಬೇಕು. ಬೈಸಿಕೊಳ್ಳುತ್ತ ಕಾಯಬೇಕು. ಆಮೇಲೆ ಒರೆಸಿ, ಹಿಮ್ಮಡಿಯನ್ನು ತೊಡೆಯ ಮೇಲಿಟ್ಟುಕೊಂಡು, ಅಂಚಿನಿಂದ ಚೂರುಚೂರೇ ಕತ್ತರಿಸುತ್ತ ಬರಬೇಕು. ಕತ್ತರಿಸುವವರು ನೆಲದ ಮೇಲೆ ಕೂರಬೇಕು, ಕತ್ತರಿಸಿಕೊಳ್ಳುವವರು ಎತ್ತರದಲ್ಲಿ. ಇದರಲ್ಲಿ ದೊಡ್ಡ ತತ್ವವೇನೂ ಇಲ್ಲ. ಕಾಲು ಇರುವುದು ಕೆಳಗೆ, ಅಷ್ಟೆ.

ಅಷ್ಟೇ ಅಂದುಕೊಂಡೇ ಗುಬ್ಬಿ ಆ ಶನಿವಾರ ಬೆಳಿಗ್ಗೆ ಬಾಗಿಲಲ್ಲಿ ನಿಂತು ಫೋಟೋ ತೆಗೆದಳು. ಕಿಟಕಿಯ ಬೆಳಕು ಸೊಗಸಾಗಿ ಬಿದ್ದಿತ್ತು. ನೆಲದ ಮೇಲೆ ಕೂತ ಅಮ್ಮನ ಕನ್ನಡಕ ಮೂಗಿನ ತುದಿಗೆ ಜಾರಿತ್ತು. ಅಜ್ಜಿ ಹಸಿರು ಬಣ್ಣದ ಮರದ ಕುರ್ಚಿಯಲ್ಲಿ ಮಹಾರಾಣಿಯ ಹಾಗೆ ಒರಗಿ ಬಾಯಿ ತೆರೆದಿದ್ದರು.

"ಚರ್ಮ ಕತ್ತರಿಸಿದ್ರೆ ನೋಡು ಮತ್ತೆ" ಎಂದು ಅಜ್ಜಿ.

"ಅಲ್ಲಾಡಿದ್ರೆ ಬೆರಳೇ ಹೋಗತ್ತೆ. ಸುಮ್ನೆ ಕೂತ್ಕೊಳ್ಳಿ" ಎಂದು ಅಮ್ಮ.

ಫೋಟೋದಲ್ಲಿ ಮಾತು ಕೇಳಿಸುವುದಿಲ್ಲ. ಗುಬ್ಬಿ ಅದನ್ನು ಅಮ್ಮನ ಪೇಜಿಗೆ ಹಾಕಿ, ಕೆಳಗೆ 'ನಮ್ಮನೆ ಶನಿವಾರ' ಎಂದು ಬರೆದು, ಊಟದ ಡಬ್ಬಿ ಕಟ್ಟಿಕೊಂಡು ಕೆಲಸಕ್ಕೆ ಹೊರಟಳು. ಹಲ್ಲಿನ ಕ್ಲಿನಿಕ್ಕಿನಲ್ಲಿ ಬಂದವರನ್ನು ಕೂರಿಸಿ ಸರದಿಯ ಪ್ರಕಾರ ಒಳಗೆ ಕಳಿಸುವುದು ಅವಳ ಕೆಲಸ.

ಆ ಹಸಿರು ಕುರ್ಚಿ ಬರೀ ಕುರ್ಚಿಯಾಗಿದ್ದರೆ ಏನೂ ಆಗುತ್ತಿರಲಿಲ್ಲ.

ಅಮ್ಮ ಕನ್ನಡಕದಂಗಡಿಯಲ್ಲಿ ಕೆಲಸ ಮಾಡುವವಳು. ಕಣ್ಣಿನ ನಂಬರು ನೋಡುವುದು, ಗಾಜಿನ ಅಂಚು ಅರೆದು ಫ್ರೇಮಿಗೆ ಕೂರಿಸುವುದು. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಹಳೆಯ ಚೀಟಿಗಳ ಹಿಂಬದಿಯಲ್ಲಿ ಬರೆಯುತ್ತ ಬರೆಯುತ್ತ ಅವಳು ಒಂದು ಪುಸ್ತಕ ಮಾಡಿದ್ದಳು. 'ನಿಂತೇ ಇದ್ದವಳು' ಎಂದು ಹೆಸರು. ಗಂಡನ ಮನೆಯಲ್ಲಿ ಅವಳು ಕಳೆದ ವರ್ಷಗಳ ಕಥೆ. ಆ ಮನೆಯಲ್ಲಿ ಕುರ್ಚಿಗಳಿಗೆ ಕೊರತೆಯಿರಲಿಲ್ಲ, ಆದರೆ ಸೊಸೆ ಅವುಗಳಲ್ಲಿ ಕೂರುವ ಹಾಗಿರಲಿಲ್ಲ. ಅತ್ತೆಯ ಕಟ್ಟಪ್ಪಣೆ ಅದು. ಅವಳು ನಿಂತೇ ಉಂಡಳು, ನಿಂತೇ ಬಸಿರಿನ ತಿಂಗಳುಗಳನ್ನು ಕಳೆದಳು. ಕಾಲು ಊದಿ ಕಂಬವಾದಾಗಲೂ ಗೋಡೆಗೆ ಒರಗಿದಳೇ ಹೊರತು ಕೂರಲಿಲ್ಲ. ಕೊನೆಗೆ ಒಂದು ದಿನ, ಮಗುವನ್ನು ಕಂಕುಳಲ್ಲಿ ಇಟ್ಟುಕೊಂಡು, ನಡುಮನೆಯ ದೊಡ್ಡ ಕುರ್ಚಿಯಲ್ಲಿ ಕೂತಳು. ಒಂದು ಲೋಟ ಚಹಾ ಪೂರ್ತಿ ಕುಡಿದಳು. ಲೋಟವನ್ನು ತೊಳೆಯದೆ ಅಲ್ಲೇ ಬಿಟ್ಟು ಎದ್ದು ಹೋದಳು. ಅತ್ತೆ ಬಾಗಿಲಲ್ಲಿ ನಿಂತು ನೋಡಿದರು, ಮಾತಾಡಲಿಲ್ಲ. ಅಲ್ಲಿಗೆ ಪುಸ್ತಕ ಮುಗಿಯುತ್ತದೆ. ಕಂಕುಳಲ್ಲಿದ್ದ ಮಗುವೇ ಗುಬ್ಬಿ. ಪುಸ್ತಕದಲ್ಲಿ ಅಮ್ಮ ಇಟ್ಟ ಆ ಹೆಸರು ಅಂಟಿಕೊಂಡು, ಈಗ ಕ್ಲಿನಿಕ್ಕಿನ ಡಾಕ್ಟರೂ ಅವಳನ್ನು ಗುಬ್ಬಿ ಎಂದೇ ಕರೆಯುತ್ತಿದ್ದರು.

ಪುಸ್ತಕ ಕೈಯಿಂದ ಕೈಗೆ ಹೋಯಿತು. ಓದಿದ ಹೆಂಗಸರಲ್ಲಿ ಒಂದು ರೂಢಿಯೇ ಬೆಳೆಯಿತು. ಪುಸ್ತಕ ಓದಿ ಮುಗಿಸಿದವಳು ತನಗಾಗಿ ಒಂದು ಕುರ್ಚಿ ಕೊಳ್ಳಬೇಕು. ಹೊಸದೋ ಹಳೆಯದೋ, ಮರದ್ದೋ ಪ್ಲಾಸ್ಟಿಕ್ಕಿನದೋ, ತನ್ನದು ಎನ್ನುವಂಥದ್ದು. ಶನಿವಾರ ಅದರ ಫೋಟೋ ತೆಗೆದು ಅಮ್ಮನ ಪೇಜಿಗೆ ಹಾಕಬೇಕು. ಅಡುಗೆಮನೆಯ ಮೂಲೆಯ ಕುರ್ಚಿ, ಹೊಲಿಗೆ ಯಂತ್ರದ ಮುಂದಿನ ಕುರ್ಚಿ, ಆಸ್ಪತ್ರೆಯ ಪಾಳಿ ಮುಗಿಸಿ ಬಂದವಳ ಮಡಚುವ ಕುರ್ಚಿ. ಎಲ್ಲಕ್ಕೂ ತಾಯಿ ಅಮ್ಮನ ಹಸಿರು ಕುರ್ಚಿ. ಮನೆ ಬಿಟ್ಟು ಬಂದ ಮೇಲೆ ಬಾಡಿಗೆ ಕೋಣೆಗೆ ಅವಳು ಕೊಂಡ ಮೊದಲ ಸಾಮಾನು ಅದು. ಪುಸ್ತಕದ ಮುಖಪುಟದಲ್ಲಿದ್ದದ್ದೂ ಅದೇ. ಒಳಪುಟದಲ್ಲಿ ಅತ್ತೆಯ ಒಂದು ಹಳೆಯ ಫೋಟೋವೂ ಇತ್ತು.

ಈಗ ಅದೇ ಕುರ್ಚಿಯಲ್ಲಿ ಅದೇ ಅತ್ತೆ. ಕಾಲ ಬುಡದಲ್ಲಿ ಅಮ್ಮ.

ಮಧ್ಯಾಹ್ನದ ಹೊತ್ತಿಗೆ ಗುಬ್ಬಿಯ ಡ್ರಾಯರಿನಲ್ಲಿ ಫೋನು ಜೇನುಗೂಡಿನ ಹಾಗೆ ಗುಂಯ್‌ಗುಡತೊಡಗಿತು. ಒಳಗೆ ಯಾರದೋ ಹಲ್ಲು ಕೊರೆಯುವ ಸದ್ದು, ಹೊರಗೆ ಇದು. ತೆಗೆದು ನೋಡಿದಳು.

'ಇದು ನಿಜವಾಗಿ ನೀವೇನಾ?'

'ನಿಮ್ಮ ಪುಸ್ತಕ ಓದಿ ನಾನು ಮನೆ ಬಿಟ್ಟೆ. ನೀವು ವಾಪಸ್ ಹೋಗಿ ಕಾಲು ಹಿಡಿದಿರಿ.'

'ನಮಗೆ ಕೂರೋಕೆ ಹೇಳಿಕೊಟ್ಟು ತಾನು ನೆಲ ಹುಡುಕಿಕೊಂಡರು.'

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನಕ್ಕೆ ಎಲ್ಲಿಯ ಬರ? ಅಮ್ಮ ಗಂಡನ ಜೊತೆ ರಾಜಿಯಾಗಿದ್ದಾಳೆ ಎಂದು ಒಬ್ಬಳು ಬರೆದಳು. ಪುಸ್ತಕದಲ್ಲಿರುವುದೆಲ್ಲ ಕಟ್ಟುಕಥೆ ಎಂದು ಇನ್ನೊಬ್ಬಳು. ಸಂಜೆಯ ಹೊತ್ತಿಗೆ ಯಾರೋ ತನ್ನ ಕುರ್ಚಿಯನ್ನು ತಲೆಕೆಳಗು ಮಾಡಿ ಫೋಟೋ ಹಾಕಿದಳು. ಅದು ಹಬ್ಬಿತು. ಪೇಜಿನ ತುಂಬ ಕಾಲು ಮೇಲಾದ ಕುರ್ಚಿಗಳು, ಸತ್ತು ಬಿದ್ದ ಪ್ರಾಣಿಗಳ ಹಾಗೆ.

ಅದಕ್ಕಿಂತ ಕೆಟ್ಟದ್ದು ಬೇರೆ ಇತ್ತು. ಇಷ್ಟು ವರ್ಷ ಅಮ್ಮನನ್ನು ಮನೆಮುರುಕಿ ಎಂದು ಬೈಯುತ್ತಿದ್ದ ಗಂಡಸರು ಕೈಮುಗಿಯುವ ಚಿತ್ರ ಹಾಕಿ ಹೊಗಳತೊಡಗಿದ್ದರು. 'ತಡವಾಗಿಯಾದರೂ ಬುದ್ಧಿ ಬಂತಲ್ಲ ತಾಯಿ. ಹೆಣ್ಣಿಗೆ ಇದೇ ಶೋಭೆ.'

ಗುಬ್ಬಿ ಮನೆಗೆ ಬಂದಾಗ ಅಮ್ಮ ಪಾತ್ರೆ ತೊಳೆಯುತ್ತಿದ್ದಳು. ಒಂದು ಪಾತ್ರೆ ತೊಳೆಯುವುದು, ಕೈ ಒರೆಸಿಕೊಳ್ಳುವುದು, ಕಿಟಕಿಯ ಕಟ್ಟೆಯ ಮೇಲಿದ್ದ ಫೋನಿನಲ್ಲಿ ಎರಡು ಓದುವುದು, ಮತ್ತೆ ಪಾತ್ರೆ.

"ಅಳಿಸಿಬಿಡ್ತೀನಮ್ಮ" ಎಂದಳು ಗುಬ್ಬಿ. "ನನ್ನದೇ ತಪ್ಪು. ಕುರ್ಚಿ ಕಡೆ ನನ್ನ ಗಮನವೇ ಹೋಗ್ಲಿಲ್ಲ."

"ಮನೇಲಿರೋರಿಗೆ ಅದು ಬರೀ ಕುರ್ಚಿ. ಫೋಟೋ ಅಳಿಸ್ಬೇಡ. ಕದ್ದು ಮಾಡಿದ ಕೆಲಸ ಏನಲ್ಲ."

"ಏನೇನ್ ಬರೆದಿದಾರೆ ನೋಡಿದ್ಯಾ?"

"ಎಲ್ಲ ಓದ್ತಿದೀನಿ. ಇವಳು ನೋಡು, ಹೆರಿಗೆ ವಾರ್ಡಿನ ನರ್ಸು. ಮಡಚುವ ಕುರ್ಚಿ ಇವಳದೇ." ಅಮ್ಮ ಒದ್ದೆ ಬೆರಳಿನಿಂದಲೇ ತೋರಿಸಿದಳು. "ಇವಳಿಗೆ ಸಿಟ್ಟು ಬಂದಿದ್ದು ಸರಿಯಾಗೇ ಇದೆ. ಸುಮ್ನೆ ಮಾತಾಡೋರಿಗೆ ಇಷ್ಟು ನೋವಾಗಲ್ಲ, ನಂಬಿದೋರಿಗೆ ಆಗತ್ತೆ. ಇವರು ನನ್ನ ಶತ್ರುಗಳಲ್ಲ ಗುಬ್ಬಿ, ನನ್ನ ಓದುಗರು. ಆದ್ರೆ ಈ ಕೈಮುಗಿಯೋ ಗಂಡಸರಿದಾರಲ್ಲ, ಅವರ ಹೊಗಳಿಕೆ ಮಾತ್ರ ಮೈಮೇಲೆ ಹಲ್ಲಿ ಬಿದ್ದ ಹಾಗಾಯ್ತು."

ಒಳಗಿನಿಂದ ಅಜ್ಜಿಯ ದನಿ ಬಂತು. "ಯಾರು ಸತ್ರು? ಏನದು ಪಿಸಿಪಿಸಿ?"

"ಯಾರೂ ಸತ್ತಿಲ್ಲ ಅತ್ತೆ. ಊಟಕ್ಕೆ ಬರ್ತಿದೀವಿ."

"ಈಗ್ಲೂ ಅತ್ತೆ ಅಂತ ಯಾಕೆ ಕರೀತೀಯ?" ಗುಬ್ಬಿ ಸಿಡುಕಿದಳು.

"ಮತ್ತೇನನ್ಲಿ, ಮೇಡಂ ಅನ್ಲಾ?"

ಮರುದಿನ ಟೈಲರಕ್ಕನ ಫೋನು ಬಂತು. ಟೈಲರಕ್ಕ ಎಂದರೆ ಓದುಗರ ಬಳಗವನ್ನು ಕಟ್ಟಿ ಬೆಳೆಸಿದವಳು. ಪೇಟೆಯ ಹಿಂದಿನ ಬೀದಿಯಲ್ಲಿ ಅವಳ ಹೊಲಿಗೆ ಅಂಗಡಿ. ಅಮ್ಮನ ಪುಸ್ತಕವನ್ನು ಗಿರಾಕಿಗಳ ಬಟ್ಟೆಯ ಜೊತೆ ಮಡಚಿ ಕೊಟ್ಟು ಕೊಟ್ಟು ಇಡೀ ಊರಿಗೆ ಓದಿಸಿದವಳು. ಮುಂದಿನ ಭಾನುವಾರ ಲೈಬ್ರರಿಯ ಸಭಾಂಗಣದಲ್ಲಿ ಓದುಗರ ವಾರ್ಷಿಕ ಸಭೆ. ಅಮ್ಮ ತನ್ನ ಹೊಸ ಪುಸ್ತಕದಿಂದ ಓದಬೇಕು ಎಂದು ಎಂದೋ ನಿಗದಿಯಾಗಿತ್ತು. ಟೈಲರಕ್ಕ ಗುಬ್ಬಿಯ ಹತ್ತಿರ ನೇರವಾಗಿ ಹೇಳಿದಳು. ಅಮ್ಮ ಮೊದಲು ಉತ್ತರ ಕೊಡಬೇಕು. ಕೊಡುವ ತನಕ ಬಳಗದವರು ಯಾರೂ ಕೂರುವುದಿಲ್ಲ, ನಿಂತೇ ಇರುತ್ತೇವೆ. ಉತ್ತರ ಬರದಿದ್ದರೆ ಬಳಗ ಅಲ್ಲಿಗೇ ಮುಗಿಯಿತು.

ಆ ಬಳಗ ಅಮ್ಮನಿಗೆ ಏನೆಂದು ಗುಬ್ಬಿಗೆ ಗೊತ್ತಿತ್ತು. ತವರು ಬಾಗಿಲು ಮುಚ್ಚಿಕೊಂಡಿತ್ತು. ಅಣ್ಣ ತಮ್ಮಂದಿರು ಫೋನು ಎತ್ತುತ್ತಿರಲಿಲ್ಲ. ಗುಬ್ಬಿಗೆ ಟೈಫಾಯ್ಡ್ ಆದಾಗ ಆಸ್ಪತ್ರೆಯಲ್ಲಿ ಪಾಳಿಯ ಮೇಲೆ ಕೂತವರು ಓದುಗರೇ. ಅಮ್ಮನಿಗೆ ಇದ್ದ ನೆಂಟರು ಅವರಷ್ಟೇ. ಅವರನ್ನು ತನ್ನ ಒಂದು ಫೋಟೋ ಹೊರಗೆ ಅಟ್ಟುತ್ತಿದೆ.

ಅವರನ್ನು ಉಳಿಸಿಕೊಳ್ಳುವ ಮಾತು ಗುಬ್ಬಿಯ ಬಾಯಲ್ಲೇ ಇತ್ತು. ಅಜ್ಜಿ ಅಮ್ಮನ ಮನೆಗೆ ಹೇಗೆ ಬಂದರು ಎಂಬ ಮಾತು.

ಕೆಲವು ತಿಂಗಳ ಹಿಂದೆ ಒಂದು ಮಧ್ಯಾಹ್ನ ಗುಬ್ಬಿಯ ಅಪ್ಪ ಕನ್ನಡಕದಂಗಡಿಗೆ ಬಂದಿದ್ದ. ಎಷ್ಟೋ ವರ್ಷಗಳ ಮೇಲೆ ಬಂದವನು ಚೆನ್ನಾಗಿದ್ದೀಯಾ ಎಂದೂ ಕೇಳಲಿಲ್ಲ. ತನ್ನ ತಾಯಿಯನ್ನು ಬೆಂಚಿನ ಮೇಲೆ ಕೂರಿಸಿ, "ಕಣ್ಣು ಟೆಸ್ಟ್ ಮಾಡು, ಗಾಡಿ ನಿಲ್ಲಿಸಿ ಬರ್ತೀನಿ" ಎಂದು ಹೋದ. ಹೋದವನು ಹೋದ. ಅಜ್ಜಿಯ ಪಕ್ಕದಲ್ಲಿ ಒಂದು ಬಟ್ಟೆಯ ಚೀಲವಿತ್ತು. ಕಣ್ಣು ತೋರಿಸಲು ಬರುವವರು ಯಾರು ಬಟ್ಟೆಬರೆ ತರುತ್ತಾರೆ? ಆ ಚೀಲ ನೋಡಿದ ಕೂಡಲೇ ಅಮ್ಮನಿಗೆ ತಿಳಿಯಿತಂತೆ. ಆದರೂ ಕರ್ತವ್ಯ ನೋಡು, ಯಂತ್ರದ ಮುಂದೆ ಕೂರಿಸಿ, "ಗಲ್ಲ ಇಲ್ಲಿಡಿ" ಎಂದಳು. ದನಿ ಕೇಳಿ ಅಜ್ಜಿಗೆ ಗುರುತು ಹತ್ತಿತು.

"ನಿನ್ನ ಅಂಗಡಿಯಾ ಇದು?" ಎಂದರಂತೆ.

"ಕೆಲಸ ಮಾಡೋ ಅಂಗಡಿ."

"ಕೂತು ಮಾಡ್ತೀಯಾ?"

"ಕೂತೇ ಮಾಡ್ತೀನಿ."

ಅಂಗಡಿ ಮುಚ್ಚುವ ತನಕ ಅಪ್ಪ ಬರಲಿಲ್ಲ. ಅವನ ಫೋನು ಸತ್ತಿತ್ತು. ಊರ ಮನೆ ಮಾರಿ ಆಗಿತ್ತು. ಅಮ್ಮ ಅಜ್ಜಿಯ ಚೀಲ ಒಂದು ಕೈಯಲ್ಲಿ, ಅಜ್ಜಿಯನ್ನು ಇನ್ನೊಂದು ಕೈಯಲ್ಲಿ ಹಿಡಿದು ಬಸ್ಸು ಹತ್ತಿದಳು. ಅಂದಿನಿಂದ ಅಜ್ಜಿ ಕೇಳಿದವರಿಗೆಲ್ಲ ಹೇಳುವುದು ಒಂದೇ ಮಾತು: "ಮಗ ಕೆಲಸದ ಮೇಲೆ ದೂರ ಹೋಗಿದಾನೆ. ಬರ್ತಾನೆ."

"ಇಷ್ಟು ಹೇಳಿದ್ರೆ ಸಾಕಮ್ಮ" ಎಂದು ಗುಬ್ಬಿ ಅಂಗಲಾಚಿದಳು. "ಎಲ್ರೂ ಬಾಯಿ ಮುಚ್ಚಿಕೊಂಡು ತಮ್ಮ ಕುರ್ಚಿ ನೆಟ್ಟಗೆ ಮಾಡ್ಕೊಳ್ತಾರೆ."

ಅಮ್ಮ ಬಟ್ಟೆ ಮಡಚುತ್ತಿದ್ದಳು. ಅಜ್ಜಿಯ ಸ್ವೆಟರಿನ ತೋಳನ್ನು ಒಳಗೆ ಮಡಚಿದಳು.

"ಮಗ ಬರ್ತಾನೆ ಅನ್ನೋದೊಂದೇ ಅವರಿಗೆ ಉಳಿದಿರೋದು. ಅದನ್ನ ಬೀದಿಗೆ ಹಾಕಿ ನನ್ನ ಮರ್ಯಾದೆ ಕೊಂಡುಕೊಳ್ಲಾ?"

"ಅವರು ನಿನ್ನ ಮರ್ಯಾದೆ ನೋಡಿದ್ರಾ?"

"ಇಲ್ಲ. ಅದನ್ನ ಬರೆದಿದೀನಲ್ಲ. ನನ್ನ ಮೇಲಾಗಿದ್ದು ನಂದು, ಬರೆದೆ. ಇದು ಅವರದು."

"ಅವರನ್ನ ಕ್ಷಮಿಸಿದೀಯಾ ಹಾಗಾದ್ರೆ?"

"ಇಲ್ಲ" ಎಂದಳು ಅಮ್ಮ, ಒಂದು ಚೂರೂ ಯೋಚಿಸದೆ. "ಕ್ಷಮೆ ಬೇರೆ, ಉಗುರು ಬೇರೆ. ನನ್ನ ಮನಸ್ಸು ಕರಗಲಿ ಅಂತ ಉಗುರು ಬೆಳೆಯೋದು ನಿಲ್ಲಿಸತ್ತಾ?" ಸ್ವೆಟರು ಕಪಾಟಿಗೆ ಹೋಯಿತು. "ಇನ್ನೊಂದು ಗುಬ್ಬಿ. ಹೀಗಾಯ್ತು, ಅದಕ್ಕೆ ಕರ್ಕೊಂಡು ಬಂದೆ ಅಂತ ನಾನು ಹೇಳಿದ್ರೆ, ಓಹೋ ಹಾಗಾದ್ರೆ ಪರವಾಗಿಲ್ಲ ಅಂತಾರೆ. ಅಂದ್ರೆ ಅನುಮತಿ ಕೊಡ್ತಾರೆ. ಅನುಮತಿ ಕೇಳೋದನ್ನ ನಿಲ್ಲಿಸಿದ ದಿನ ನಾನು ಆ ಮನೆಯಿಂದ ಹೊರಗೆ ಬಂದೆ. ಪ್ರೀತಿಯಿಂದ ಕೇಳೋರ ಹತ್ರಾನೂ ಅದನ್ನ ಮತ್ತೆ ಶುರು ಮಾಡಲ್ಲ."

ಗುಬ್ಬಿಗೆ ಅರ್ಧ ತಿಳಿಯಿತು, ಅರ್ಧ ಸಿಟ್ಟು ಬಂತು.

ಬುಧವಾರ ಅವಳು ಅಮ್ಮನಿಗೆ ಊಟ ಕೊಡಲು ಕನ್ನಡಕದಂಗಡಿಗೆ ಹೋದಾಗ ಟೈಲರಕ್ಕ ಅಲ್ಲಿದ್ದಳು. ಕುತ್ತಿಗೆಯಲ್ಲಿ ಅಳತೆ ಟೇಪು ಹಾಗೇ ಇತ್ತು, ಅರ್ಧ ಕೆಲಸ ಬಿಟ್ಟು ಬಂದವಳ ಹಾಗೆ. ಕೈಯಲ್ಲಿ ತನ್ನ ಕನ್ನಡಕ. ಒಂದು ಕಡ್ಡಿ ಸಡಿಲವಾಗಿದೆ ಎನ್ನುವುದು ನೆಪ. ಅಮ್ಮ ದೀಪದ ಕೆಳಗೆ ಬಗ್ಗಿ, ಕಾಳಿನಷ್ಟು ಸಣ್ಣ ಸ್ಕ್ರೂವನ್ನು ಚಿಮುಟದಲ್ಲಿ ಹಿಡಿದಿದ್ದಳು.

"ಮೇಡಂ" ಎಂದಳು ಟೈಲರಕ್ಕ. ಇಷ್ಟು ವರ್ಷ ಬಾಯ್ತುಂಬ ಅಕ್ಕಾ ಅಕ್ಕಾ ಎಂದವಳು. "ನಾನು ಏನೂ ಜಾಸ್ತಿ ಕೇಳ್ತಿಲ್ಲ. ಅವರು ನಿಮ್ಮನೇಲಿ ಯಾಕಿದಾರೆ, ಅಷ್ಟು ಹೇಳಿ. ಬಳಗದೋರಿಗೆ ನಾನು ಏನನ್ಲಿ?"

"ನನ್ನ ಮನೇಲಿ ನಾನು ಇಟ್ಕೊಂಡಿದೀನಿ, ಅದಕ್ಕಿದಾರೆ."

"ಅದು ಉತ್ತರಾನಾ?"

"ಅಷ್ಟೇ ಇರೋದು."

"ನನ್ನ ಕತೆ ಗೊತ್ತಲ್ಲ ನಿಮಗೆ?" ಟೈಲರಕ್ಕನ ದನಿ ಏರಿತು. "ನಮ್ಮತ್ತೆ ಹೋದ ವರ್ಷ ಹಾಸಿಗೆ ಹಿಡಿದ್ರು. ಬಾ ಬಾ ಅಂತ ಹತ್ತು ಸಲ ಹೇಳಿ ಕಳ್ಸಿದ್ರು. ನಾನು ಹೋಗ್ಲಿಲ್ಲ. ನಿಮ್ಮ ಪುಸ್ತಕ ಎದೆ ಮೇಲಿಟ್ಕೊಂಡು ಮನೇಲೇ ಕೂತಿದ್ದೆ. ಈಗ ಈ ಫೋಟೋ ನೋಡಿ ನಮ್ಮ ಭಾವ ಫೋನ್ ಮಾಡಿ, ನೋಡು, ನಿನ್ನ ಗುರುವೇ ಕಾಲು ಒತ್ತುತಾ ಇದಾಳೆ, ನಿನಗೇನ್ ದೊಡ್ಡ ರೋಗ ಬಂದಿತ್ತು ಅಂತ ಕೇಳಿದ. ನಾನೇನ್ ಹೇಳ್ಲಿ?"

ಅಮ್ಮ ಚಿಮುಟ ಕೆಳಗಿಟ್ಟಳು. ಎದ್ದು ಬಂದು ಟೈಲರಕ್ಕನ ಮುಂದೆ ನಿಂತಳು.

"ನೀವು ಹೋಗ್ದೇ ಇದ್ದಿದ್ದು ತಪ್ಪಲ್ಲ. ಅವತ್ತೂ ಅಲ್ಲ, ಇವತ್ತೂ ಅಲ್ಲ. ಭಾವನಿಗೆ ಹೇಳಿ, ಅವರ ತಾಯಿ ಕಾಲು ಅವರೇ ಒತ್ತಬೇಕಿತ್ತು ಅಂತ. ನಾನು ಉಗುರು ಕತ್ತರಿಸ್ತೀನಿ ಅಂದ ಮಾತ್ರಕ್ಕೆ ಪ್ರಪಂಚದ ಸೊಸೆಯರೆಲ್ಲ ಕತ್ತರಿ ಹಿಡೀಬೇಕಾಗಿಲ್ಲ."

"ಇದನ್ನೇ ಭಾನುವಾರ ಹೇಳಿ."

"ನಿಮಗೆ ಹೇಳಿದೆ. ನಿಮ್ಮ ನೋವಿಗೆ ಹೇಳಿದೆ. ವಿಚಾರಣೆಗೆ ಹೇಳಲ್ಲ."

ಟೈಲರಕ್ಕ ಕನ್ನಡಕ ಹಾಕಿಕೊಂಡು, ಹಣ ಎಷ್ಟಾಯಿತು ಎಂದು ಕೇಳಿ, ಬೇಡ ಎಂದರೂ ಗಲ್ಲಾಪೆಟ್ಟಿಗೆಯ ಮೇಲಿಟ್ಟು ಹೋದಳು. ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದ ಅಂಗಡಿಯ ಯಜಮಾನರು ತಲೆ ಹೊರಹಾಕಿ, "ಉಗುರಲ್ಲಿ ಹೋಗೋದಕ್ಕೆ ಕೊಡಲಿ ಯಾಕೆ ಅಂತಾರೆ. ಇಲ್ಲಿ ಉಗುರಿಗೇ ಕೊಡಲಿ ತಂದ್ರಲ್ಲಮ್ಮ" ಎಂದರು. ಅಮ್ಮ ನಕ್ಕಳು. ಆದರೆ ಆ ದಿನ ಅವಳು ಡಬ್ಬಿಯನ್ನು ಅರ್ಧಕ್ಕೇ ಮುಚ್ಚಿದ್ದನ್ನು ಗುಬ್ಬಿ ನೋಡಿದಳು.

ಭಾನುವಾರ ಇನ್ನೊಂದು ಕಷ್ಟ ಎದುರಾಯಿತು. ಅಮ್ಮ, ಗುಬ್ಬಿ ಇಬ್ಬರೂ ಲೈಬ್ರರಿಗೆ ಹೋದರೆ ಅಜ್ಜಿಯನ್ನು ನೋಡಿಕೊಳ್ಳುವವರು ಯಾರು? ಎರಡು ಸಲ ಒಲೆ ಹಚ್ಚಿ ಮರೆತಿದ್ದರು. ಒಬ್ಬರನ್ನೇ ಬಿಡುವ ಹಾಗಿರಲಿಲ್ಲ.

ಅಮ್ಮ ಅಜ್ಜಿಯ ತಲೆ ಬಾಚುತ್ತ ಮಾತು ತೆಗೆದಳು. "ಅತ್ತೆ, ಇವತ್ತು ಹೊಸ ಪುಸ್ತಕ ಓದಲ್ಲ. ಹಳೇದರ ಕೊನೆ ಅಧ್ಯಾಯ ಓದ್ತೀನಿ. ಅದು ನಿಮ್ಮ ವಿಷಯ. ಕೇಳೋಕೆ ಕಷ್ಟ ಆಗತ್ತೆ. ಪಕ್ಕದ ಮನೇಲಿ ಬಿಟ್ಟು ಹೋಗ್ಲಾ?"

ಗುಬ್ಬಿ ಬಾಯಿಬಿಟ್ಟು ನೋಡಿದಳು. ಅಮ್ಮ ಅವಳ ಕಡೆ ತಿರುಗಿ, "ಒಂದಕ್ಷರಾನೂ ವಾಪಸ್ ತಗೊಂಡಿಲ್ಲ ಅಂತ ಹೇಳೋಕೆ ನನಗೆ ಬೇರೆ ದಾರಿ ಗೊತ್ತಿಲ್ಲ" ಎಂದಳು.

"ಏನ್ ಬರೆದಿದೀಯ?" ಎಂದರು ಅಜ್ಜಿ.

"ಕುರ್ಚಿ ವಿಷಯ."

ಅಜ್ಜಿ ಅಮ್ಮನ ಕೈಯಲ್ಲಿದ್ದ ಬಾಚಣಿಗೆಯ ಕೂದಲು ತೆಗೆದು ಬೆರಳಿಗೆ ಸುತ್ತಿದರು. "ಊರೆಲ್ಲ ಕೇಳಿಸಿಕೊಂಡಿದೆ. ನಾನು ಮಾತ್ರ ಕೇಳ್ಬಾರ್ದಾ? ಬರ್ತೀನಿ. ನನ್ನ ಒಳ್ಳೆ ಚಪ್ಪಲಿ ತೆಗಿ."

ಲೈಬ್ರರಿಯ ಸಭಾಂಗಣದಲ್ಲಿ ಕುರ್ಚಿಗಳು ಸಾಲುಸಾಲಾಗಿದ್ದವು. ಒಂದೊಂದರ ಹಿಂದೆಯೂ ಒಬ್ಬೊಬ್ಬಳು, ಕೈ ಕುರ್ಚಿಯ ಬೆನ್ನಿನ ಮೇಲೆ. ಯಾರೂ ಕೂತಿರಲಿಲ್ಲ. ಪ್ರತಿ ವರ್ಷ ಸಭೆ ಶುರುವಾಗುತ್ತಿದ್ದದ್ದೇ ಎಲ್ಲರೂ ಒಟ್ಟಿಗೆ ಕೂರುವ ಸದ್ದಿನಿಂದ. ಇಂದು ಫ್ಯಾನಿನ ಸದ್ದು ಮಾತ್ರ. ಅಮ್ಮ ಅಜ್ಜಿಯ ಕೈ ಹಿಡಿದು ನಡುವಿನ ದಾರಿಯಲ್ಲಿ ಬಂದಾಗ ಆ ಸದ್ದೂ ನಿಂತಂತಾಯಿತು. ಕೋಲು ಟಕ್ ಟಕ್ ಎನ್ನುತ್ತ, ಒಳ್ಳೆಯ ಚಪ್ಪಲಿ ಹಾಕಿಕೊಂಡು, ಪುಸ್ತಕದ ಒಳಗಿಂದಲೇ ಎದ್ದು ಬಂದವರ ಹಾಗೆ ಅಜ್ಜಿ ಬಂದರು. ಮುಂದಿನ ಸಾಲಿನಲ್ಲಿ ಕೂತರು. ಇಡೀ ಸಭಾಂಗಣದಲ್ಲಿ ಕೂತವರು ಅವರೊಬ್ಬರೇ.

"ಕರ್ಕೊಂಡೇ ಬಂದ್ರಲ್ಲ, ಎಷ್ಟು ಧೈರ್ಯ" ಎಂದು ಹಿಂದಿನಿಂದ ಯಾರೋ ಅಂದರು.

ಟೈಲರಕ್ಕ ಮುಂದೆ ಬಂದಳು. "ಮೇಡಂ, ಮೊದಲು ಉತ್ತರ. ಆಮೇಲೆ ಓದು."

"ಉತ್ತರ ಇಲ್ಲ" ಎಂದಳು ಅಮ್ಮ ಮೈಕಿನ ಮುಂದೆ. "ಒಂದು ಅಧ್ಯಾಯ ಇದೆ. ಓದ್ತೀನಿ. ನಿಮಗೆ ಬಾಯಿಪಾಠ ಇರೋದೇ."

ಮೂವರು ಆಗಲೇ ಹೊರಟರು. ಅಮ್ಮ ಅವರು ಬಾಗಿಲು ದಾಟುವ ತನಕ ಕಾದು ಪುಸ್ತಕ ತೆರೆದಳು.

ಅವಳು ಎಲ್ಲವನ್ನೂ ಓದಿದಳು. ಊದಿದ ಕಾಲು, ಗೋಡೆಗೆ ಒರಗಿ ಒರಗಿ ಸುಣ್ಣ ಹೋದ ಜಾಗ, ಅದನ್ನು ನೋಡಿ ಅತ್ತೆ ಗೋಡೆಗೆ ಮತ್ತೆ ಸುಣ್ಣ ಹೊಡೆಸಿದ್ದು, ಸೊಸೆಗೆ ಕೂರು ಎನ್ನದೇ ಇದ್ದದ್ದು. ಒಂದು ಮಾತನ್ನೂ ಮೆತ್ತಗೆ ಮಾಡಲಿಲ್ಲ. ಬರೆದದ್ದು ಯಾರ ಬಗ್ಗೆಯೋ ಅವರು ನಾಲ್ಕು ಮೊಳ ದೂರದಲ್ಲಿ ಕೋಲಿನ ಮೇಲೆ ಗಲ್ಲ ಊರಿ ಕೂತಿದ್ದರು. ಅಮ್ಮ ಅವರನ್ನು ಸೋಲಿಸಲು ಓದುತ್ತಿರಲಿಲ್ಲ, ಏನನ್ನೂ ಮುಚ್ಚಿಡಲೂ ಇಲ್ಲ. ಗುಬ್ಬಿ ಈ ಅಧ್ಯಾಯವನ್ನು ಎಷ್ಟು ಸಲ ಕೇಳಿದ್ದಳೋ. ಆದರೆ ಇಷ್ಟು ಕಷ್ಟದ ಓದನ್ನು ಯಾರಾದರೂ ಓದಿದ್ದು ಇದೇ ಮೊದಲು ಎನಿಸಿತು. ಇವಳು ನನ್ನ ತಾಯಿ ಎಂದು ಎದೆ ಉಬ್ಬಿ ಬಂತು, ಜೊತೆಗೇ ಅಳು.

ಸುಣ್ಣದ ಜಾಗದಲ್ಲಿ ಅಮ್ಮನ ದನಿ ಕುಗ್ಗಿತು.

"ಜೋರಾಗಿ ಓದೇ" ಎಂದರು ಅಜ್ಜಿ. "ಕೇಳಿಸ್ತಿಲ್ಲ."

ಅಮ್ಮ ಜೋರಾಗಿ ಓದಿದಳು. ಕುರ್ಚಿಯಲ್ಲಿ ಕೂತು ಚಹಾ ಕುಡಿದಳು. ಲೋಟ ಬಿಟ್ಟು ಎದ್ದಳು. ಪುಸ್ತಕ ಮುಚ್ಚಿದಳು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಅಜ್ಜಿ ಕೋಲೂರಿ ಮೆಲ್ಲಗೆ ಹಿಂದಕ್ಕೆ ತಿರುಗಿದರು. ಹೊಸ ಕನ್ನಡಕದ ದಪ್ಪ ಗಾಜಿನೊಳಗಿಂದ ಸಾಲುಸಾಲಾಗಿ ನಿಂತವರನ್ನು ನೋಡಿದರು.

"ಅವಳು ಓದಿದ್ದು ನಿಜ" ಎಂದರು. "ಒಂದು ದಿನಾನೂ ಕೂತ್ಕೋ ಅನ್ಲಿಲ್ಲ ನಾನು." ಬಾಯಿ ಒಣಗಿತೋ ಏನೋ, ತುಟಿ ಸವರಿಕೊಂಡರು. "ನೀವ್ಯಾಕೆ ನಿಂತಿದ್ದೀರಿ? ನಿಮಗ್ಯಾರು ಬೇಡ ಅಂದ್ರು?"

ಪ್ರಶ್ನೆಯಲ್ಲಿ ವ್ಯಂಗ್ಯವಿರಲಿಲ್ಲ. ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಆದರೆ ಕೂರಿ ಎನ್ನುವ ಆ ಒಂದು ಮಾತನ್ನು ಪುಸ್ತಕದುದ್ದಕ್ಕೂ ಓದುಗರು ಯಾರ ಬಾಯಿಂದ ಕೇಳಲು ಕಾದಿದ್ದರೋ ಅವರೇ ಅಂದಿದ್ದರು. ಮಡಚುವ ಕುರ್ಚಿಯ ನರ್ಸು, ಹಿಂದಿನ ಸಾಲಿನವಳು, ಮೊದಲು ಕೂತಳು. ಪಾಳಿ ಮುಗಿಸಿ ಬಂದಿದ್ದಳು, ಕಾಲು ನೋಯುತ್ತಿದ್ದಿರಬೇಕು. ಆಮೇಲೆ ಇನ್ನೊಂದು ಕುರ್ಚಿ ಕಿರ್ ಎಂದಿತು, ಮತ್ತೊಂದು. ಎಲ್ಲರೂ ಕೂರಲಿಲ್ಲ. ಟೈಲರಕ್ಕ ಕೂರಲಿಲ್ಲ.

ಸಭೆ 'ಮುಗಿಯಿತು' ಎನ್ನುವವರೇ ಇಲ್ಲದೆ ಮುಗಿಯಿತು. ಬಾಗಿಲ ಬಳಿ ಅಜ್ಜಿ ಜಾರಿದ ಚಪ್ಪಲಿಗೆ ಕಾಲು ತೂರಿಸುತ್ತಿದ್ದಾಗ ಟೈಲರಕ್ಕ ಹತ್ತಿರ ಬಂದಳು. ಸುತ್ತ ಏಳೆಂಟು ಜನ.

"ಅಜ್ಜಿ, ನಿಮ್ಮ ಮಗ ಎಲ್ಲಿದಾರೆ?"

ಗುಬ್ಬಿಯ ನಾಲಗೆ ತುದಿಗೆ ಎಲ್ಲವೂ ಬಂತು. ಬೆಂಚು, ಬಟ್ಟೆಯ ಚೀಲ, ಗಾಡಿ ನಿಲ್ಲಿಸಿ ಬರ್ತೀನಿ. ಒಂದೇ ಮಾತು ಸಾಕಿತ್ತು. ಈ ಏಳೆಂಟು ಜನ ಊರಿಗೆಲ್ಲ ಮುಟ್ಟಿಸುತ್ತಿದ್ದರು.

"ಕೆಲಸದ ಮೇಲೆ ದೂರ ಹೋಗಿದಾನೆ" ಎಂದರು ಅಜ್ಜಿ, ಕತ್ತು ನೆಟ್ಟಗೆ ಮಾಡಿ. "ಬರ್ತಾನೆ."

ಟೈಲರಕ್ಕ ಅಮ್ಮನನ್ನು ನೋಡಿದಳು. ಎಲ್ಲರೂ ನೋಡಿದರು.

"ಹೌದು" ಎಂದಳು ಅಮ್ಮ. "ಅಲ್ಲೀತನಕ ನಮ್ಮಲ್ಲಿರ್ತಾರೆ." ಬಗ್ಗಿ, ಅಜ್ಜಿಯ ಚಪ್ಪಲಿಯ ಪಟ್ಟಿ ಸರಿಮಾಡಿದಳು.

ಗುಬ್ಬಿ ಬಾಯಿ ಮುಚ್ಚಿಕೊಂಡೇ ಇದ್ದಳು. ಅರ್ಧ ತಿಳಿಯದೆ ಉಳಿದಿದ್ದದ್ದು ಆಗ ತಿಳಿಯಿತು. ತನ್ನನ್ನು ಬಿಡಿಸಿಕೊಳ್ಳುವ ಕೀಲಿ ಕೈಯಲ್ಲೇ ಇದ್ದರೂ ಅಮ್ಮ ಇನ್ನೊಬ್ಬರ ಬಾಗಿಲಿಗೆ ಅದನ್ನು ಹಾಕಲಿಲ್ಲ. ಒಂದು ಕಾಲದಲ್ಲಿ ತನಗೆ ಕೂರಲು ಬಿಡದವರ ತಲೆ ತಗ್ಗದ ಹಾಗೆ, ಎಲ್ಲರ ಮುಂದೆ ಒಂದು ಸುಳ್ಳಿಗೆ ಹೆಗಲು ಕೊಟ್ಟಳು. ಟೈಲರಕ್ಕ ಅಮ್ಮನ ಮುಖವನ್ನೂ ಅಜ್ಜಿಯ ಮುಖವನ್ನೂ ಒಮ್ಮೆ ನೋಡಿ, ಏನೋ ಕೇಳಲು ತೆರೆದ ಬಾಯನ್ನು ಮುಚ್ಚಿದಳು. ದಾರಿ ಬಿಟ್ಟಳು.

ಬಸ್ಸು ಮನೆಯ ತಿರುವಿಗೆ ಬಂದಾಗ ಅಜ್ಜಿ, "ಅತ್ತೆ ಬಾಗಿಲಲ್ಲಿ ಸುಮ್ನೆ ನಿಂತಿದ್ರು ಅಂತ ಬರೆದಿದೀಯ" ಎಂದರು.

"ಹೌದು."

"ಯಾಕೆ ಸುಮ್ನಿದ್ದೆ ಗೊತ್ತಾ?"

ಅಮ್ಮ ತಿರುಗಿದಳು. ಗುಬ್ಬಿಯೂ ಮುಂದಕ್ಕೆ ಬಾಗಿದಳು.

"ಹಲ್ಲುನೋವು. ದವಡೆ ಬಾತಿತ್ತು. ಇಲ್ದಿದ್ರೆ ಬಿಡ್ತಿದ್ನಾ ನಿನ್ನ?"

ಅಮ್ಮ ಮೊದಲು ಕಿಟಕಿಯ ಕಡೆ ಮುಖ ತಿರುಗಿಸಿದಳು. ಭುಜ ಅಲ್ಲಾಡುತ್ತಿತ್ತು. ಅಳುತ್ತಿದ್ದಾಳೆ ಎಂದು ಗುಬ್ಬಿ ಹೆದರಿ ನೋಡಿದರೆ, ನಗುತ್ತಿದ್ದಳು. ನಕ್ಕು ನಕ್ಕು ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು.

"ನಮ್ಮ ಕ್ಲಿನಿಕ್ಕಿಗೆ ಬನ್ನಿ ಅಜ್ಜಿ" ಎಂದಳು ಗುಬ್ಬಿ. "ಆ ಹಲ್ಲಿಗೊಂದು ಹಾರ ಹಾಕೋಣ."

"ಅದು ಎಂದೋ ಉದುರಿ ಹೋಯ್ತು ಕಣೇ."

ಆ ವಾರ ಪೇಜಿನಲ್ಲಿ ಕೆಲವು ಕುರ್ಚಿಗಳು ನೆಟ್ಟಗಾದವು. ಕೆಲವು ತಲೆಕೆಳಗಾಗಿಯೇ ಉಳಿದವು. ಮೂವರು ಪುಸ್ತಕವನ್ನು ಅಂಚೆಯಲ್ಲಿ ವಾಪಸ್ಸು ಕಳಿಸಿದರು. ಅಮ್ಮ ಅವನ್ನು ಒರೆಸಿ ಕಪಾಟಿನಲ್ಲಿಟ್ಟಳು, ಕೇಳಿದರೆ ಕೊಡಬೇಕಲ್ಲ ಎಂದು.

ಶನಿವಾರ ಬೆಳಿಗ್ಗೆ ಬೇಸಿನ್ನು, ಬೆಚ್ಚನೆಯ ನೀರು, ಹಸಿರು ಕುರ್ಚಿ, ಬೈಗುಳ ಎಲ್ಲವೂ ಜಾಗದಲ್ಲಿದ್ದಾಗ ಬಾಗಿಲು ಬಡಿಯಿತು. ಗುಬ್ಬಿ ತೆಗೆದಳು. ಟೈಲರಕ್ಕ ನಿಂತಿದ್ದಳು, ಕಂಕುಳಲ್ಲಿ ಏನೋ ದಪ್ಪದ್ದು. ಒಳಗೆ ಬಂದು, ಅಜ್ಜಿಯ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ನೆಲದಲ್ಲಿ ಕೂತ ಅಮ್ಮನನ್ನು ನೋಡಿದಳು. ಫೋಟೋದಲ್ಲಿದ್ದ ಹಾಗೆಯೇ.

"ನನಗೆ ಇದು ಒಪ್ಪಿಗೆ ಇಲ್ಲ" ಎಂದಳು. "ಈಗ್ಲೂ ಇಲ್ಲ. ಅದನ್ನ ಹೇಳಿಬಿಡ್ತೀನಿ."

"ಹೇಳಿ."

"ಹೇಳಿದೆ." ಕಂಕುಳಲ್ಲಿದ್ದದ್ದನ್ನು ಮುಂದೆ ಹಿಡಿದಳು. ಹತ್ತಿ ತುಂಬಿದ ದಿಂಬು, ಅಂಗಡಿಯ ತುಂಡುಬಟ್ಟೆಗಳನ್ನು ಜೋಡಿಸಿ ಹೊಲಿದದ್ದು, ನಾಲ್ಕು ಮೂಲೆಯೂ ಒತ್ತೊತ್ತಾಗಿ. "ಆದ್ರೂ ನೆಲ ತಣ್ಣಗಿರತ್ತಲ್ಲ ಅಕ್ಕಾ."

ಅಮ್ಮ ಅಜ್ಜಿಯ ಕಾಲನ್ನು ಮೆಲ್ಲಗೆ ಕೆಳಗಿಟ್ಟು, ಸ್ವಲ್ಪ ಎದ್ದು, ದಿಂಬನ್ನು ಕೆಳಗೆ ಎಳೆದುಕೊಂಡು ಕೂತಳು.

"ಮಾತು ಆಮೇಲೆ ಆಡ್ಕೊಳ್ಳಿ" ಎಂದರು ಅಜ್ಜಿ, ಇನ್ನೊಂದು ಕಾಲನ್ನು ಮುಂದೆ ಚಾಚುತ್ತ. "ನೀರು ಆರ್ತಿದೆ. ಈ ಕಾಲು ಬಾಕಿ. ನೀನೂ ಕೂತ್ಕೋ ಕಣೇ ಹೊಲಿಯೋಳೇ, ನಿಂತ್ಕೊಂಡ್ರೆ ಬೆಳಕಿಗೆ ಅಡ್ಡ."